ಎಕ್ಸ್-ರೇ ಕೋಣೆಯಿಂದ ಮಾತಿನ ಕೋಣೆಗೆ

1961ರ ನವೆಂಬರ್ ತಿಂಗಳ ಒಂದು ದಿನ. ಅಮೆರಿಕದ ಡೆನ್ವರ್ ನಗರದ ಕೊಲೊರಾಡೊ ಜನರಲ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ನಾಲ್ಕು ಕೂಸುಗಳು ಮಲಗಿದ್ದವು. ನಾಲ್ಕಕ್ಕೂ ಪೆಟ್ಟು ಬಿದ್ದಿತ್ತು. ತೊಟ್ಟಿಲಿನಿಂದ ಬಿದ್ದ ಪೆಟ್ಟಲ್ಲ, ಹೆತ್ತವರ ಕೈಯಿಂದ ಬಿದ್ದದ್ದು. ಎರಡು ಕೂಸುಗಳು ತಲೆಗಾದ ಗಾಯದಿಂದ ತೀರಿಕೊಂಡವು. ಮೂರನೆಯದು ಸುಧಾರಿಸಿಕೊಂಡು ಮನೆಗೆ ಹೋಯಿತು. ಹೋದ ನಾಲ್ಕು ವಾರಕ್ಕೆ, ಅದೇ ತಂದೆತಾಯಿಯ ಆರೈಕೆಯಲ್ಲಿದ್ದಾಗ, ಇದ್ದಕ್ಕಿದ್ದಂತೆ ಸತ್ತಿತು. ಕಾರಣ ಯಾರಿಗೂ ತಿಳಿಯಲಿಲ್ಲ. ನಾಲ್ಕನೆಯದು ಬದುಕುಳಿಯಿತು.

ಆ ವಿಭಾಗದ ಮುಖ್ಯಸ್ಥರ ಹೆಸರು ಹೆನ್ರಿ ಕೆಂಪಿ. ಜರ್ಮನಿಯ ಬ್ರೆಸ್ಲಾವ್‌ನಲ್ಲಿ 1922ರಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ಊರು ಬಿಟ್ಟು ಓಡಿದ ಯಹೂದಿ ಹುಡುಗ. ಡಾಕ್ಟರಾದ ಮೇಲೆ ಅವರ ಮೊದಲ ಪ್ರೀತಿ ಸಿಡುಬು ರೋಗದ ಸಂಶೋಧನೆ. ಆ ಕೆಲಸಕ್ಕಾಗಿ ನಮ್ಮ ಪಕ್ಕದ ಮದರಾಸಿಗೂ ಬಂದು, ಸಿಡುಬಿನ ಮನೆಗಳಲ್ಲಿ ರೋಗಿಯ ಜೊತೆಗಿದ್ದವರಿಗೆ ರೋಗ ಅಂಟದಂತೆ ಕಾಯುವ ಚುಚ್ಚುಮದ್ದಿನ ಪ್ರಯೋಗ ನಡೆಸಿದ್ದರು. ಸಾಂಕ್ರಾಮಿಕ ರೋಗ ಬಂದ ಮನೆಯನ್ನು ಸರ್ಕಾರಕ್ಕೆ ತಿಳಿಸಲೇಬೇಕು, ಅದರಲ್ಲಿ ರೋಗಿಯ ಗುಟ್ಟು ಎಂಬ ಮಾತೇ ಇಲ್ಲ ಎಂಬುದು ಸಿಡುಬಿನ ವೈದ್ಯರಿಗೆ ಮೈಗೂಡಿದ ಪಾಠ. ಮುಂದೆ ಅವರ ಹೆಸರಿನೊಡನೆ ಬೆಸೆದುಕೊಂಡ ಕಾನೂನಿನಲ್ಲೂ ಅದೇ ಪಾಠದ ನೆರಳಿದೆ ಎಂದು ನನಗೆ ಅನ್ನಿಸುತ್ತದೆ. ಇದು ನನ್ನ ಊಹೆ. ಅವರು ಹಾಗೆಂದರು ಎಂದು ನಾನು ಹೇಳುತ್ತಿಲ್ಲ.

ಕೂಸುಗಳನ್ನು ಮನೆಯವರೇ ಬಡಿಯುವುದು 1961ರಲ್ಲಿ ಹೊಸದೇನಾಗಿರಲಿಲ್ಲ. ಪ್ಯಾರಿಸ್ಸಿನ ನ್ಯಾಯವೈದ್ಯ ಆಂಬ್ರ್ವಾಜ್ ತಾರ್ದಿಯು 1860ರಲ್ಲೇ ಇಂಥ 32 ಮಕ್ಕಳ ವಿವರ ಬರೆದಿದ್ದರು. ಅವರಲ್ಲಿ 18 ಮಕ್ಕಳು ಸತ್ತಿದ್ದರು. ಓದಿದವರು ಪುಸ್ತಕ ಮುಚ್ಚಿಟ್ಟರು. ನ್ಯೂಯಾರ್ಕಿನಲ್ಲಿ 1874ರಲ್ಲಿ ಮೇರಿ ಎಲೆನ್ ಎಂಬ ಹುಡುಗಿಯನ್ನು ಸಾಕುತಾಯಿಯ ಕತ್ತರಿಯ ಗಾಯದಿಂದ ಬಿಡಿಸಿ ತಂದವರು ಪ್ರಾಣಿದಯಾ ಸಂಘದ ಹೆನ್ರಿ ಬರ್ಗ್ ಮತ್ತು ಅವರ ವಕೀಲ. ಹುಡುಗಿಯನ್ನೂ ಒಂದು ಪ್ರಾಣಿ ಎಂದು ವಾದಿಸಿ ಗೆದ್ದರು ಎಂಬ ಕಥೆ ಬಹಳ ಚಲಾವಣೆಯಲ್ಲಿದೆ, ಅದು ನಿಜವಲ್ಲ. ಮಗು ಎಂದೇ ಹೇಳಿ ಕೋರ್ಟಿನ ಮುಂದೆ ತಂದರು. ಅಲ್ಲಿಂದ ಮಕ್ಕಳ ರಕ್ಷಣೆಗೆ ಸಂಘಗಳು ಹುಟ್ಟಿದವು, ಆದರೆ ವೈದ್ಯರು ಮಾತ್ರ ಈ ವಿಷಯದಿಂದ ದೂರವೇ ಉಳಿದರು.

ಕಣ್ಣು ತೆರೆಸಿದ್ದು ಎಕ್ಸ್-ರೇ. ಜಾನ್ ಕ್ಯಾಫಿ ಎಂಬ ಮಕ್ಕಳ ರೇಡಿಯಾಲಜಿ ತಜ್ಞ 1946ರಲ್ಲಿ ಆರು ಕೂಸುಗಳ ಚಿತ್ರಗಳನ್ನು ಪ್ರಕಟಿಸಿದರು. ಮೆದುಳಿನ ಹೊದಿಕೆಯ ಕೆಳಗೆ ರಕ್ತ, ಜೊತೆಗೆ ಕೈಕಾಲುಗಳಲ್ಲಿ ಒಟ್ಟು 23 ಕಡೆ ಮುರಿತ. ವಿಚಿತ್ರವೆಂದರೆ ಒಂದು ಮುರಿತ ಹಸಿ, ಇನ್ನೊಂದು ಕೂಡಿಕೊಳ್ಳುತ್ತಿರುವುದು, ಮತ್ತೊಂದು ಯಾವಾಗಲೋ ಮುರಿದು ಗಂಟುಕಟ್ಟಿಕೊಂಡದ್ದು. ನಡೆಯಲು ಕಲಿಯದ ಕೂಸಿಗೆ ಬೇರೆಬೇರೆ ತಿಂಗಳಲ್ಲಿ ಬೇರೆಬೇರೆ ಮೂಳೆ ಮುರಿಯುವುದು ಹೇಗೆ? ಕ್ಯಾಫಿ ಚಿತ್ರ ತೋರಿಸಿದರು, ಉತ್ತರವನ್ನು ಬಾಯಿಬಿಟ್ಟು ಹೇಳಲಿಲ್ಲ. ಎದುರಿಗೆ ಕೂತು ಕಣ್ಣೀರು ಹಾಕುವ ತಾಯಿಯೇ ಹೊಡೆದಿರಬಹುದು ಎಂದು ನೆನೆಯುವುದೂ ವೈದ್ಯರಿಗೆ ಅಸಹ್ಯವಾಗಿತ್ತು. ಛಡಿ ಛಂ ಛಂ, ವಿದ್ಯೆ ಘಂ ಘಂ ಎಂದು ಬೆಳೆದ ನಮಗೆ ಆ ಹಿಂಜರಿಕೆ ಅರ್ಥವಾಗದ್ದೇನಲ್ಲ. ಹೊಡೆತ ಮನೆಯ ವಿಷಯ.

ಕೆಂಪಿ ದೇಶದ ಆಸ್ಪತ್ರೆಗಳಿಗೆ ಪತ್ರ ಬರೆದು ಕೇಳಿದರು. 71 ಆಸ್ಪತ್ರೆಗಳು ಉತ್ತರಿಸಿದವು: ಒಂದು ವರ್ಷದಲ್ಲಿ 302 ಮಕ್ಕಳು, ಅವರಲ್ಲಿ 33 ಸಾವು, 85 ಮಕ್ಕಳಿಗೆ ಮೆದುಳಿಗೆ ಶಾಶ್ವತ ಊನ. 77 ಸರ್ಕಾರಿ ವಕೀಲರು ಲೆಕ್ಕ ಕೊಟ್ಟದ್ದು ಬೇರೆ: 447 ಮಕ್ಕಳು, 45 ಸಾವು. ಈ ಅಂಕಿಗಳನ್ನು ಹೊತ್ತ ಲೇಖನ 1962ರ ಜುಲೈ 7ರಂದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬಂತು. ಅದಕ್ಕಿಟ್ಟ ಹೆಸರು ‘ದಿ ಬ್ಯಾಟರ್ಡ್ ಚೈಲ್ಡ್ ಸಿಂಡ್ರೋಮ್’. ಬಡಿತ ತಿಂದು ಜಜ್ಜಿಹೋದ ಮಗು. ಮೆತ್ತಗಿನ ಪದ ಇಟ್ಟಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ವಾರಪತ್ರಿಕೆಗಳು ಎತ್ತಿಕೊಂಡವು, ಟಿವಿಯ ಡಾಕ್ಟರ್ ಧಾರಾವಾಹಿಗಳಲ್ಲೂ ಅಂಥ ಮಗು ಕಾಣಿಸಿಕೊಂಡಿತು.

ಮುಂದಿನ ವರ್ಷವೇ, 1963ರಲ್ಲಿ, ಕೇಂದ್ರ ಸರ್ಕಾರದ ಮಕ್ಕಳ ಬ್ಯೂರೋ ರಾಜ್ಯಗಳಿಗೆ ಒಂದು ಮಾದರಿ ಕಾನೂನು ಬರೆದುಕೊಟ್ಟಿತು. ಅನುಮಾನ ಬಂದರೆ ವೈದ್ಯ ವರದಿ ಮಾಡಬೇಕು, ಮಾಡಿದ್ದಕ್ಕೆ ಅವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಮಾಡದಿದ್ದರೆ ತಪ್ಪು. 1967ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದು ಜಾರಿಯಲ್ಲಿತ್ತು. ಖರ್ಚಿಲ್ಲದ ಕಾನೂನು, ವಿರೋಧಿಸುವವರಿಲ್ಲದ ಕಾನೂನು. ಮಗುವನ್ನು ಹೊಡೆಯುವವರ ಪರ ಯಾವ ಶಾಸಕ ತಾನೇ ಎದ್ದು ನಿಲ್ಲುತ್ತಾನೆ? ಗೊಣಗಿದ್ದು ವೈದ್ಯರ ಸಂಘವೊಂದೇ. ನಮ್ಮೊಬ್ಬರ ಮೇಲೇ ಈ ಹೊರೆ ಹೊರಿಸಿದರೆ ಪೆಟ್ಟು ತಿಂದ ಮಗುವನ್ನು ತಂದೆತಾಯಿ ಆಸ್ಪತ್ರೆಗೆ ತರುವುದನ್ನೇ ಬಿಟ್ಟಾರು ಎಂಬುದು ಅವರ ವಾದ. ಅದಕ್ಕೆ ಸರ್ಕಾರಗಳು ಕಂಡುಕೊಂಡ ಉತ್ತರ ಸರಳ: ಹೊರೆಯನ್ನು ಇಳಿಸಲಿಲ್ಲ, ಉಳಿದವರ ತಲೆಗೂ ಏರಿಸಿದವು. ನರ್ಸು, ಶಿಕ್ಷಕ, ಸಮಾಜ ಕಾರ್ಯಕರ್ತ, ಆಮೇಲೆ ಮನಶ್ಶಾಸ್ತ್ರಜ್ಞ, ದಾಂಪತ್ಯ ಸಲಹೆಗಾರ.

ಈ ಪಟ್ಟಿ ಬೆಳೆಯುವಾಗ ಯಾರೂ ಹೆಚ್ಚು ಯೋಚಿಸದ ಒಂದು ಸಂಗತಿ ಇದೆ. ಡೆನ್ವರಿನ ಕೂಸಿಗೆ ಮಾತು ಬರುತ್ತಿರಲಿಲ್ಲ. ಅದರ ಪರವಾಗಿ ಮೂಳೆ ಹೇಳುತ್ತಿತ್ತು, ನೋಡಿದ ವೈದ್ಯ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಕಾನೂನು ಹುಟ್ಟಿದ್ದು ಅವನ ಬಾಯಿ ಬಿಡಿಸಲು. ಥೆರಪಿಸ್ಟ್‌ನ ಕೋಣೆಯಲ್ಲಿ ಎಕ್ಸ್-ರೇ ಇಲ್ಲ. ಅಲ್ಲಿರುವುದು ಮಾತು. ಆ ಮಾತು ಹೊರಬಿದ್ದದ್ದೇ ಬಾಗಿಲು ಮುಚ್ಚಿದೆ ಎಂಬ ನಂಬಿಕೆಯಿಂದ.

ಕಾನೂನಿಗೆ ನಿಜವಾದ ರೆಕ್ಕೆ ಬಂದದ್ದು 1974ರಲ್ಲಿ. ಮಿನೆಸೋಟದ ಸೆನೆಟರ್ ವಾಲ್ಟರ್ ಮಾಂಡೇಲ್ ಅದರ ಹಿಂದಿನ ವರ್ಷ ವಿಚಾರಣಾ ಸಭೆಗಳನ್ನು ನಡೆಸಿದರು. ಅಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯದ ಡೇವಿಡ್ ಗಿಲ್ ಬಂದು, ಮಕ್ಕಳ ಮೇಲಿನ ಹಿಂಸೆಯನ್ನು ಬಡತನದಿಂದ ಬೇರ್ಪಡಿಸಿ ನೋಡಲಾಗದು ಎಂದರು. ಮಾಂಡೇಲ್‌ರಿಗೆ ಆ ಮಾತು ಬೇಡವಾಗಿತ್ತು. ಇದು ಎಲ್ಲ ವರ್ಗಗಳಲ್ಲೂ ಇರುವ ಪಿಡುಗಲ್ಲವೇ ಎಂದು ಮರಳಿಮರಳಿ ಕೇಳಿದರು. ಬಡತನದ ಮಸೂದೆ ಎಂಬ ವಾಸನೆ ಬಂದರೆ ಅಧ್ಯಕ್ಷ ನಿಕ್ಸನ್ ಸಹಿ ಹಾಕುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅದೇ ಸಭೆಗೆ ಜಾಲಿ ಕೆ. ಎಂಬ ಹೆಸರಿನಲ್ಲಿ ಕ್ಯಾಲಿಫೋರ್ನಿಯಾದ ತಾಯಿಯೊಬ್ಬಳು ಬಂದಳು. ತನ್ನ ಮಗಳಿಗೆ ತಾನೇ ಕೇಡು ಮಾಡಿದವಳು. ಸಹಾಯ ಬೇಡಿ ಬಾಗಿಲು ಬಾಗಿಲು ತಟ್ಟಿ, ಕೊನೆಗೆ ಒಬ್ಬ ಸಮಾಜ ಕಾರ್ಯಕರ್ತನ ನೆರವಿನಿಂದ ತನ್ನಂಥ ತಂದೆತಾಯಿಗಳ ಗುಂಪು ಕಟ್ಟಿದ್ದಳು. ಗುಂಪಿನ ಹೆಸರೇ ‘ಪೇರೆಂಟ್ಸ್ ಅನಾನಿಮಸ್’, ಅಂದರೆ ಹೆಸರು ಹೇಳಬೇಕಾಗಿಲ್ಲದ ಹೆತ್ತವರು. ಸೆನೆಟರುಗಳು ಅವಳ ಮಾತಿಗೆ ಮನಸೋತರು. ಹೆಸರು ಹೇಳಬೇಕಾಗಿಲ್ಲ ಎಂಬ ಆ ಅಂಶಕ್ಕೆ ಮಾತ್ರ ಮಸೂದೆಯಲ್ಲಿ ಜಾಗ ಸಿಗಲಿಲ್ಲ.

ಜನವರಿ 31, 1974ರಂದು ನಿಕ್ಸನ್ ಸಹಿ ಹಾಕಿದರು. ಕೇಂದ್ರದ ಹಣ ಬೇಕಾದ ರಾಜ್ಯ ತನ್ನ ವರದಿ ಕಾನೂನನ್ನು ಬಿಗಿ ಮಾಡಬೇಕು, ದೈಹಿಕ ಹಿಂಸೆಯ ಜೊತೆಗೆ ಮಾನಸಿಕ ಹಿಂಸೆ, ಲೈಂಗಿಕ ದೌರ್ಜನ್ಯ, ಅಲಕ್ಷ್ಯ ಎಲ್ಲವನ್ನೂ ಸೇರಿಸಬೇಕು. ವರದಿ ಹೇಳಲು ಉಚಿತ ಫೋನ್ ನಂಬರು ಬಂದ ಕಡೆ ಏನಾಗುತ್ತದೆ ಎಂಬುದನ್ನು ಫ್ಲೋರಿಡಾ ಅದಾಗಲೇ ತೋರಿಸಿಕೊಟ್ಟಿತ್ತು: ಪ್ರಚಾರದೊಂದಿಗೆ ಫೋನ್ ಸೇವೆ ಶುರುವಾದ ಒಂದೇ ವರ್ಷದಲ್ಲಿ ವರದಿಗಳು 17ರಿಂದ 19,120ಕ್ಕೆ ನೆಗೆದಿದ್ದವು. ಇಡೀ ದೇಶದಲ್ಲಿ 1976ರಲ್ಲಿ ಸುಮಾರು 6.7 ಲಕ್ಷ ವರದಿ, 1980ರಲ್ಲಿ 11 ಲಕ್ಷ ದಾಟಿತು. ಆಮೇಲೆ ಅದಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ.

ಇನ್ನು ಕೋರ್ಟುಗಳು. 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನಿಂದ ಎರಡು ತೀರ್ಪುಗಳು ಬಂದವು. ಒಂದರಲ್ಲಿ, ಹನ್ನೊಂದು ತಿಂಗಳ ಕೂಸಿನ ಪೆಟ್ಟನ್ನು ಗುರುತಿಸದೆ ಮನೆಗೆ ಕಳಿಸಿದ, ಆಮೇಲೆ ಆ ಕೂಸು ಇನ್ನಷ್ಟು ಪೆಟ್ಟು ತಿನ್ನಲು ಕಾರಣನಾದ ವೈದ್ಯನಿಂದ ಪರಿಹಾರ ಕೇಳಬಹುದು ಎಂದಾಯಿತು. ಇನ್ನೊಂದು ಟಾರಾಸಾಫ್ ಪ್ರಕರಣ. ಬಂಗಾಳದಿಂದ ಬರ್ಕ್ಲಿಗೆ ಓದಲು ಹೋಗಿದ್ದ ವಿದ್ಯಾರ್ಥಿಯೊಬ್ಬ, ತಾನು ಮನಸಾರೆ ಬಯಸಿದ ಹುಡುಗಿಯನ್ನು ಕೊಲ್ಲುವ ಯೋಚನೆಯನ್ನು ಥೆರಪಿಸ್ಟ್‌ನ ಮುಂದೆ ಹೇಳಿದ್ದ, 1969ರಲ್ಲಿ ಕೊಂದೂಬಿಟ್ಟ. ಥೆರಪಿಸ್ಟ್ ವಿಶ್ವವಿದ್ಯಾಲಯದ ಪೊಲೀಸರಿಗೆ ತಿಳಿಸಿದ್ದ, ಹುಡುಗಿಗೆ ಯಾರೂ ತಿಳಿಸಿರಲಿಲ್ಲ. ಅಪಾಯದಲ್ಲಿರುವವರನ್ನು ಕಾಯುವ ಹೊಣೆ ಥೆರಪಿಸ್ಟ್‌ಗೂ ಇದೆ, ಗುಟ್ಟಿನ ನೆಪ ಅಲ್ಲಿ ನಡೆಯದು ಎಂದಿತು ಕೋರ್ಟು. ಮಕ್ಕಳ ವಿಷಯದಲ್ಲಿ ಈ ತೀರ್ಪಿಗೆ ಕಾಯಬೇಕಾಗಿರಲಿಲ್ಲ, ಆದರೆ ಥೆರಪಿಸ್ಟ್‌ಗಳ ಮನಸ್ಸಿನಲ್ಲಿ ಎರಡೂ ಕೂಡಿಕೊಂಡವು. ಮುಚ್ಚಿದ ಬಾಗಿಲಿಗೆ ಕಿಂಡಿ ಬಿದ್ದಿತ್ತು.

1980ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಕಾನೂನನ್ನು ಹೊಸದಾಗಿ ಬರೆಯಿತು. ‘ಸಕಾರಣ ಅನುಮಾನ’ ಬಂದ ಕೂಡಲೇ ಫೋನು, 36 ಗಂಟೆಯೊಳಗೆ ಲಿಖಿತ ವರದಿ. ಮಾಡದಿದ್ದರೆ ಆರು ತಿಂಗಳವರೆಗೆ ಜೈಲು. ಮಾಡಿದ ಅನುಮಾನ ಸುಳ್ಳಾದರೆ? ಏನೂ ಇಲ್ಲ, ಪೂರ್ಣ ರಕ್ಷಣೆ. ಹೀಗೆ ಒಂದು ಕಡೆ ಜೈಲು, ಇನ್ನೊಂದು ಕಡೆ ರಕ್ಷಣೆ ಇದ್ದಾಗ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಹೇಳಬೇಕಾಗಿಲ್ಲ.

ಈ ಹೊಸ ಕಾನೂನು ಜಾರಿಯಾದ ವರ್ಷವೇ, 1981ರ ಜುಲೈನಲ್ಲಿ, ಒಬ್ಬ ತಾಯಿಗೆ ತನ್ನ ಗಂಡ ಹದಿನಾಲ್ಕು ವರ್ಷದ ಮಗಳ ಮೇಲೆ ಕೈಹಾಕಿದ್ದು ಗೊತ್ತಾಯಿತು. ಅವನು ಹುಡುಗಿಗೆ ಮಲತಂದೆ. ತಾಯಿ ಪೊಲೀಸರ ಬಳಿ ಹೋಗಲಿಲ್ಲ, ಮನಶ್ಶಾಸ್ತ್ರಜ್ಞನ ಬಳಿ ಹೋದಳು. ಮಗಳನ್ನೂ ಗಂಡನನ್ನೂ ಕೌನ್ಸೆಲಿಂಗಿಗೆ ಕೂರಿಸಿದಳು. ಮನೆ ಉಳಿಯಬೇಕು, ಮಗಳೂ ಉಳಿಯಬೇಕು ಎಂದು ಒದ್ದಾಡುವ ತಾಯಿ ಮಾಡುವ ಕೆಲಸವೇ ಅದು. ಮಗಳು ನಡೆದದ್ದನ್ನು ಹೇಳಿದಳು. ಮನಶ್ಶಾಸ್ತ್ರಜ್ಞ ಕಾನೂನಿನಂತೆ ಮಕ್ಕಳ ಇಲಾಖೆಗೆ ಫೋನು ಮಾಡಿದ. ಮಲತಂದೆಯೂ ತನ್ನ ಸರದಿಯಲ್ಲಿ ಕೂತು ಮಾತಾಡಿದ. ಆಮೇಲೆ ಷೆರಿಫನ ಕಡೆಯ ಪೊಲೀಸ್ ಅಧಿಕಾರಿಯ ಫೋನು ಬಂತು: ಆ ಗಂಡಸು ಏನು ಹೇಳಿದ? ಅದು ರೋಗಿಯ ಗುಟ್ಟು ಎಂದು ಮನಶ್ಶಾಸ್ತ್ರಜ್ಞ ಹಿಂಜರಿದ. ಕಾನೂನಿನ ಪ್ರಕಾರ ಹೇಳಬಹುದು ಎಂದು ಅಧಿಕಾರಿ ಒಪ್ಪಿಸಿದ. ಹೇಳಿದ. ಮಲತಂದೆಗೆ ಶಿಕ್ಷೆಯಾಯಿತು.

ಸ್ಟ್ರಿಟ್ಸಿಂಗರ್ ಪ್ರಕರಣ ಎಂದು ಹೆಸರಾದ ಇದು 1983ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿಗೆ ಬಂದಾಗ, ಕೋರ್ಟು ಶಿಕ್ಷೆಯನ್ನು ರದ್ದು ಮಾಡಿತು. ಮಗಳ ಮಾತು ಕೇಳಿ ಮೊದಲ ಫೋನು ಮಾಡಿದಾಗಲೇ ಮನಶ್ಶಾಸ್ತ್ರಜ್ಞನ ಹೊಣೆ ತೀರಿತ್ತು. ಮಲತಂದೆಯ ಮಾತಿನಲ್ಲಿ ವರದಿ ಮಾಡಬೇಕಾದ ಹೊಸ ಸಂಗತಿ ಇರಲಿಲ್ಲ. ಆದ್ದರಿಂದ ಆ ಎರಡನೆಯ ಮಾತು ಕೋಣೆಯಲ್ಲೇ ಉಳಿಯಬೇಕಿತ್ತು. ಒಂದೇ ಕೋಣೆ, ಒಂದೇ ಮನೆಯ ಇಬ್ಬರು, ಒಬ್ಬರ ಮಾತು ಹೊರಗೆ ಹೋಗಲೇಬೇಕು, ಇನ್ನೊಬ್ಬರದು ಹೋಗಲೇಬಾರದು. ಕಾನೂನಿನ ದೃಷ್ಟಿಯಿಂದ ಕೂದಲು ಸೀಳಿದಂಥ ತೀರ್ಪು ಅದು, ಜಾಣತನದ್ದೂ ಹೌದು. ಆದರೆ ಆ ತಾಯಿಯ ಜಾಗದಲ್ಲಿ ಕೂತು ನೋಡಿ. ಅವಳು ಬಾಗಿಲು ತಟ್ಟಿದ್ದೇ ಈ ಎಲ್ಲದರಿಂದ ತಪ್ಪಿಸಿಕೊಳ್ಳಲು.

ಅದೇ ರಾಜ್ಯದ ಸ್ಯಾನ್ ಹೋಸೆಯಲ್ಲಿ ಇನ್ನೊಬ್ಬರು ಅದೇ ಕಾನೂನನ್ನು ಬೇರೆ ಥರ ಹಿಡಿದಿದ್ದರು. ಹೆನ್ರಿ ಜಿಯರೆಟ್ಟೊ, ಕುಟುಂಬ ಥೆರಪಿಸ್ಟ್. ಸಾಂಟಾ ಕ್ಲಾರಾ ಜಿಲ್ಲೆಯ ಬಾಲ ಪ್ರೊಬೇಷನ್ ಇಲಾಖೆಯ ಜೊತೆ 1971ರಿಂದಲೇ ಕೆಲಸ ಮಾಡುತ್ತಿದ್ದರು. ಅವರ ಪಾಲಿಗೆ ಪೊಲೀಸು, ಕೋರ್ಟು ಶತ್ರುಗಳಲ್ಲ. ಕೋರ್ಟಿನ ಭಯ ಇಲ್ಲದಿದ್ದರೆ ತಪ್ಪಿತಸ್ಥ ತಂದೆ ಎರಡನೆಯ ವಾರಕ್ಕೇ ಚಿಕಿತ್ಸೆ ಬಿಟ್ಟು ಹೋಗುತ್ತಾನೆ ಎಂದು ಬಲ್ಲವರು. ಆದರೆ ವರದಿ ಆದಮೇಲೆ ಮನೆಯವರನ್ನು ದಿಕ್ಕಾಪಾಲಾಗಲು ಬಿಡಬಾರದು. ಮೊದಲು ಮಗಳೊಬ್ಬಳ ಜೊತೆ ಕೂತು ಮಾತು, ತಾಯಿಯ ಜೊತೆ ಮಾತು, ತಂದೆಯ ಜೊತೆ ಮಾತು, ಆಮೇಲೆ ತಾಯಿ ಮಗಳು ಎದುರುಬದುರು, ಆಮೇಲೆ ಗಂಡಹೆಂಡತಿ, ಎಷ್ಟೋ ತಿಂಗಳ ಮೇಲೆ ತಂದೆ ಮಗಳ ಮುಂದೆ ಕೂತು, ತಪ್ಪು ಪೂರ್ತಿ ನನ್ನದು, ನಿನ್ನದು ಎಳ್ಳಷ್ಟೂ ಇಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಇಂಥ ಮನೆಯವರದೇ ಸಂಘಗಳು ಊರೂರಿನಲ್ಲಿ ಹುಟ್ಟಿದವು. ಅಪರಾಧಿಗಳನ್ನು ಮುದ್ದು ಮಾಡುತ್ತಿದ್ದಾರೆ ಎಂಬ ಟೀಕೆ ಬಾರದೆ ಇರಲಿಲ್ಲ, ಅದರಲ್ಲಿ ಹುರುಳಿಲ್ಲ ಎಂದೂ ನಾನು ಹೇಳಲಾರೆ. ಆದರೂ ವರದಿಯ ಆಚೆಗೆ ಏನು ಎಂಬ ಪ್ರಶ್ನೆಯನ್ನು ಇಷ್ಟು ಶ್ರದ್ಧೆಯಿಂದ ಕೇಳಿದವರು ಕಡಿಮೆ. ಇದು ದುಬಾರಿ ಕೆಲಸ, ಜನ ಬೇಕು, ವರ್ಷಗಳು ಬೇಕು. ಫೋನ್ ನಂಬರು ಅಗ್ಗ.

ಕಾನೂನು ಮಾತನ್ನು ಏನು ಮಾಡುತ್ತದೆ ಎಂಬುದನ್ನು ಅಳೆಯುವ ಅವಕಾಶ ಅಪರೂಪಕ್ಕೆ ಸಿಕ್ಕಿದ್ದು ಬಾಲ್ಟಿಮೋರ್‌ನಲ್ಲಿ. ಜಾನ್ಸ್ ಹಾಪ್ಕಿನ್ಸ್‌ನ ಲೈಂಗಿಕ ತೊಂದರೆಗಳ ಕ್ಲಿನಿಕ್ಕಿನಲ್ಲಿ ಮನೋವೈದ್ಯ ಫ್ರೆಡ್ ಬರ್ಲಿನ್, ಮಕ್ಕಳ ಕಡೆಗೆ ಆಸೆ ಹರಿಯುವ ಗಂಡಸರಿಗೆ ಚಿಕಿತ್ಸೆ ಕೊಡುತ್ತಿದ್ದರು. ಯಾರಿಗೂ ಇಷ್ಟವಾಗದ ರೋಗಿಗಳು. ಅಂಥವರಲ್ಲಿ ಕೆಲವರು ಪೊಲೀಸರಿಗೆ ಸಿಕ್ಕಿಬೀಳುವ ಮೊದಲೇ ತಾವಾಗಿ ಬರುತ್ತಿದ್ದರು, ವರ್ಷಕ್ಕೆ ಸುಮಾರು ಏಳು ಮಂದಿ. ಚಿಕಿತ್ಸೆಯಲ್ಲಿದ್ದವರು ಕೈಮೀರಿ ಹೋದಾಗ ಅದನ್ನು ಬಂದು ಹೇಳುವುದೂ ಇತ್ತು, ವರ್ಷಕ್ಕೆ ಸುಮಾರು 21 ಸಲ. ಹೇಳಿದರೆ ವೈದ್ಯರು ಎಚ್ಚೆತ್ತು ಔಷಧಿ ಹೆಚ್ಚಿಸಬಹುದು, ಮನೆಯಿಂದ ಹೊರಗಿಡಬಹುದು, ಮಗುವನ್ನು ದೂರ ಮಾಡಬಹುದು.

ಮೇರಿಲ್ಯಾಂಡ್ ರಾಜ್ಯ 1988 ಮತ್ತು 1989ರಲ್ಲಿ ಕಾನೂನು ಬಿಗಿ ಮಾಡಿ ಇಂಥ ಮಾತುಗಳನ್ನೂ ವರದಿ ಮಾಡಬೇಕೆಂದಿತು. ತಾವಾಗಿ ಬರುವವರ ಸಂಖ್ಯೆ ಏಳರಿಂದ ಸೊನ್ನೆಗೆ ಇಳಿಯಿತು. ಚಿಕಿತ್ಸೆಯ ನಡುವೆ ಹೇಳಿಕೊಳ್ಳುವುದು 21ರಿಂದ ಸೊನ್ನೆಗೆ. ಈ ದಾರಿಯಿಂದ ಪತ್ತೆಯಾದ ಮಕ್ಕಳ ಸಂಖ್ಯೆಯಾದರೂ ಏರಿತೇ ಎಂದರೆ ಅದೂ ಇಲ್ಲ. ಬರ್ಲಿನ್ ಮತ್ತು ಸಂಗಡಿಗರು ಇದನ್ನು 1991ರಲ್ಲಿ ಪ್ರಕಟಿಸಿದರು. ಒಂದು ಕ್ಲಿನಿಕ್ಕಿನ ಲೆಕ್ಕ, ಇಡೀ ದೇಶಕ್ಕೆ ಹಿಗ್ಗಿಸಲಾಗದು. ಬರ್ಲಿನ್‌ರ ಮೇಲೆ ಕೋಪಗೊಂಡವರೂ ಇದ್ದರು: ಮಗು ಇನ್ನೂ ಅದೇ ಮನೆಯಲ್ಲಿರುವಾಗ ಅಪರಾಧ ಕೇಳಿ ಸುಮ್ಮನಿರುವುದು ಯಾವ ಚಿಕಿತ್ಸೆ? ಆ ಪ್ರಶ್ನೆಗೆ ಸೊನ್ನೆ ಉತ್ತರವಲ್ಲ. ಸೊನ್ನೆಗೆ ಆ ಪ್ರಶ್ನೆಯೂ ಉತ್ತರವಲ್ಲ.

ವರದಿ ಆದ ಮನೆಯಲ್ಲಿ ಆಮೇಲೆ ಏನು ನಡೆಯುತ್ತದೆ? ಅಮೆರಿಕದ ಮಟ್ಟಿಗೆ ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ. ಫೋನು ಎತ್ತಿಕೊಂಡವರು ಇದು ತನಿಖೆಗೆ ತಕ್ಕದ್ದೋ ಅಲ್ಲವೋ ಎಂದು ತೀರ್ಮಾನಿಸುತ್ತಾರೆ. ತಕ್ಕದ್ದಾದರೆ ಅಧಿಕಾರಿಯೊಬ್ಬಳು ಬಂದು ಬಾಗಿಲು ತಟ್ಟುತ್ತಾಳೆ. ಎಷ್ಟೋ ಸಲ ಅದಕ್ಕೂ ಮೊದಲು ಶಾಲೆಯಲ್ಲೇ ಮಗುವನ್ನು ಮಾತಾಡಿಸಿ ಮುಗಿದಿರುತ್ತದೆ. ಅಡುಗೆಮನೆಯ ಫ್ರಿಜ್ ತೆರೆದು ನೋಡುತ್ತಾರೆ, ಮಗು ಮಲಗುವ ಜಾಗ ನೋಡುತ್ತಾರೆ. ಒಂದೋ ತಂದೆ ಮನೆ ಬಿಡಬೇಕು, ಇಲ್ಲವೇ ಮಗುವನ್ನು ಕರೆದೊಯ್ಯುತ್ತೇವೆ ಎಂಬ ಮಾತು ಬಂದಾಗ ತಾಯಿ ನಿಂತ ನಿಲುವಿನಲ್ಲೇ ಆರಿಸಬೇಕು. ಸಂಬಳ ತರುವವನು ಹೊರಗೆ ಹೋದರೆ ಬಾಡಿಗೆ ಕಟ್ಟುವವರಾರು ಎಂಬುದು ತನಿಖೆಯ ಕಾಗದದಲ್ಲಿ ಇರುವುದಿಲ್ಲ. ಅಜ್ಜಿ ಒಂದು ಪಕ್ಷ, ಚಿಕ್ಕಪ್ಪ ಒಂದು ಪಕ್ಷ. ಇದೆಲ್ಲದರ ನಡುವೆ ಕೂತ ಮಗುವಿಗೆ ತಿಳಿಯುವುದು ಒಂದೇ: ನಾನು ಬಾಯಿಬಿಟ್ಟೆ, ಮನೆ ಬಿತ್ತು.

ಲಾಸ್ ಏಂಜಲೀಸ್‌ನ ಮನೋವೈದ್ಯ ರೋಲೆಂಡ್ ಸಮಿಟ್ 1983ರಲ್ಲಿ ಬರೆದದ್ದು ಈ ಮಗುವಿನ ಬಗ್ಗೆಯೇ. ಗುಟ್ಟು, ಅಸಹಾಯಕತೆ, ಒಗ್ಗಿಕೊಳ್ಳುವುದು, ತಡವಾಗಿ ಅರೆಬರೆ ಹೇಳುವುದು, ಕೊನೆಗೆ ಹೇಳಿದ್ದನ್ನು ಸುಳ್ಳೆಂದು ಹಿಂತೆಗೆದುಕೊಳ್ಳುವುದು. ಮಾತು ಹಿಂತೆಗೆದುಕೊಂಡರೆ ಅಪ್ಪ ಮರಳಿ ಬರುತ್ತಾನೆ, ಅಮ್ಮ ಅಳುವುದನ್ನು ನಿಲ್ಲಿಸುತ್ತಾಳೆ. ಸಮಿಟ್ ವೈದ್ಯರ ತಿಳಿವಳಿಕೆಗೆಂದು ಬರೆದದ್ದನ್ನು ಸರ್ಕಾರಿ ವಕೀಲರು ಸಾಕ್ಷಿಯಾಗಿ ಬಳಸತೊಡಗಿದರು: ಮಗು ಹೌದೆಂದರೂ ನಡೆದಿದೆ, ಇಲ್ಲವೆಂದರೂ ನಡೆದಿದೆ.

ಅದು ಎಲ್ಲಿಗೆ ಮುಟ್ಟಿತು ಎಂಬುದಕ್ಕೆ ಅದೇ ವರ್ಷ ಶುರುವಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಪ್ರಕರಣ ಸಾಕ್ಷಿ. ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚಿನಲ್ಲಿ ನೂರಾರು ಪುಟ್ಟ ಮಕ್ಕಳನ್ನು ಒಂದು ಸಂಸ್ಥೆಯ ಸಮಾಲೋಚಕರು ಗೊಂಬೆ ಹಿಡಿದು ಪ್ರಶ್ನಿಸಿದರು. ಉಳಿದವರೆಲ್ಲ ಹೇಳಿದ್ದಾರೆ, ನೀನೂ ಜಾಣನಲ್ಲವೇ ಎಂಬ ಧಾಟಿಯ ಪ್ರಶ್ನೆಗಳು. ನೆಲದಡಿಯ ಸುರಂಗ, ಪ್ರಾಣಿಬಲಿ ಎಲ್ಲ ಬಂದವು. 1990ರಲ್ಲಿ ಎಲ್ಲ ಮುಗಿದಾಗ ಒಬ್ಬರಿಗೂ ಶಿಕ್ಷೆಯಾಗಿರಲಿಲ್ಲ. ಆರೋಪಿಗಳಲ್ಲಿ ಒಬ್ಬ ಐದು ವರ್ಷ ಜೈಲಿನಲ್ಲಿ ಕಳೆದಿದ್ದ. ನಾಲ್ಕು ವರ್ಷದ ಮೇಲೆ ಅದೇ ರಾಜ್ಯದ ನಾಪಾದ ಕೋರ್ಟೊಂದರಲ್ಲಿ, ಥೆರಪಿಯಲ್ಲಿ ‘ಮರಳಿ ಬಂದ’ ನೆನಪಿನ ಆಧಾರದ ಮೇಲೆ ಮಗಳಿಂದ ಆರೋಪ ಹೊತ್ತ ತಂದೆ ಮಗಳ ಥೆರಪಿಸ್ಟ್‌ಗಳ ಮೇಲೇ ದಾವೆ ಹೂಡಿ ಐದು ಲಕ್ಷ ಡಾಲರ್ ಗೆದ್ದ. ಅಷ್ಟರಲ್ಲಿ ಹೆಂಡತಿ, ಮಕ್ಕಳು, ಕೆಲಸ ಎಲ್ಲವೂ ಕೈತಪ್ಪಿದ್ದವು. ಮೂಳೆ ಯಾರೋ ಕೇಳಿದರೆಂದು ಮುರಿಯುವುದಿಲ್ಲ. ಮಾತು ಕೇಳುವವರಿಗೆ ತಕ್ಕಂತೆ ರೂಪ ತಳೆಯಬಲ್ಲದು.

ಹಾಗೆಂದು ಥೆರಪಿಸ್ಟ್‌ಗಳೆಲ್ಲ ಫೋನು ಹಿಡಿದು ಕೂತಿದ್ದರು ಎಂದುಕೊಳ್ಳಬಾರದು. ಗೇಲ್ ಜೆಲ್ಮನ್ 1990ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವರದಿ ಮಾಡಲೇಬೇಕಾದ ವೃತ್ತಿಗಳವರಲ್ಲಿ ಸುಮಾರು ಶೇ. 40 ಮಂದಿ ಒಮ್ಮೆಯಾದರೂ ಅನುಮಾನ ಬಂದೂ ಸುಮ್ಮನಿದ್ದದ್ದನ್ನು ಒಪ್ಪಿಕೊಂಡರು. ಇಲಾಖೆಗಿಂತ ತಾನೇ ಚೆನ್ನಾಗಿ ನೋಡಿಕೊಳ್ಳಬಲ್ಲೆ ಎಂಬ ನಂಬಿಕೆ ಒಂದು ಕಾರಣ. ಆ ನಂಬಿಕೆ ಕೆಲವೊಮ್ಮೆ ನಿಜ, ಕೆಲವೊಮ್ಮೆ ಬರೀ ಅಹಂಕಾರ. ಬಫಲೋ ವಿಶ್ವವಿದ್ಯಾಲಯದ ಮರ್ರಿ ಲೆವಿನ್ ಮತ್ತು ಜೊತೆಗಾರರು ವರದಿಯಾದ ಮೇಲೆ ಚಿಕಿತ್ಸೆ ಏನಾಯಿತು ಎಂದು ಹಿಂಬಾಲಿಸಿ ನೋಡಿದರು. ಸುಮಾರು ಕಾಲು ಭಾಗ ಕೆಟ್ಟಿತು, ಜನ ಬಿಟ್ಟುಹೋದರು. ಉಳಿದದ್ದರಲ್ಲಿ ಸಂಬಂಧ ತಡೆದುಕೊಂಡಿತು, ಕೆಲವೆಡೆ ಗಟ್ಟಿಯೂ ಆಯಿತು. ನಿಮ್ಮ ಮುಂದೆಯೇ ಫೋನು ಮಾಡುತ್ತೇನೆ, ಬೇಕಾದರೆ ನೀವೇ ಮಾಡಿ, ನಾನು ಪಕ್ಕದಲ್ಲಿರುತ್ತೇನೆ ಎಂದು ಹೇಳಿ ಮಾಡಿದ ವರದಿಗೂ, ರೋಗಿ ಹೋದ ಮೇಲೆ ಬೆನ್ನ ಹಿಂದೆ ಮಾಡಿದ ವರದಿಗೂ ಅಜಗಜಾಂತರ. ಹೊಡೆಸಿಕೊಳ್ಳುತ್ತಿದ್ದ ಎಷ್ಟೋ ಮಕ್ಕಳಿಗೆ, ಗಂಡನ ಭಯಕ್ಕೆ ಬಾಯಿ ಕಟ್ಟಿದ್ದ ತಾಯಂದಿರಿಗೆ, ಯಾರೋ ಹೊರಗಿನವರು ಕಡೆಗೂ ನಂಬಿದರು ಎಂಬುದೇ ದೊಡ್ಡ ಆಸರೆಯಾದದ್ದೂ ಉಂಟು.

ಕಾನೂನು ಸಡಿಲವಾಗಲಿಲ್ಲ, ಆಗುವಂತೆಯೂ ಇರಲಿಲ್ಲ. 2011ರಲ್ಲಿ ಪೆನ್ಸಿಲ್ವೇನಿಯಾದ ವಿಶ್ವವಿದ್ಯಾಲಯವೊಂದರ ಮಾಜಿ ಫುಟ್ಬಾಲ್ ತರಬೇತುದಾರ ಜೆರ್ರಿ ಸ್ಯಾಂಡಸ್ಕಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಬಂಧನಕ್ಕೊಳಗಾದಾಗ, ವಿಶ್ವವಿದ್ಯಾಲಯದ ಮೇಲಿನವರಿಗೆ ಹತ್ತು ವರ್ಷ ಮೊದಲೇ ಸುಳಿವು ಸಿಕ್ಕಿತ್ತು ಎಂಬುದು ಹೊರಬಂತು. ಮತ್ತೆ ಅದೇ ಡೆನ್ವರಿನ ಪಾಠ: ಕಂಡವರು ಸುಮ್ಮನಿದ್ದರು. ರಾಜ್ಯಗಳು ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಿದವು. 2019ರಲ್ಲಿ ದೇಶದಾದ್ಯಂತ 44 ಲಕ್ಷ ವರದಿಗಳು, ಅವುಗಳಲ್ಲಿ 79 ಲಕ್ಷ ಮಕ್ಕಳ ಹೆಸರು. ದೌರ್ಜನ್ಯ ಅಥವಾ ಅಲಕ್ಷ್ಯ ಆಗಿದೆ ಎಂದು ತನಿಖೆಯಲ್ಲಿ ಕಂಡದ್ದು ಸುಮಾರು 6.56 ಲಕ್ಷ ಮಕ್ಕಳಿಗೆ, ಅದರಲ್ಲೂ ಹೆಚ್ಚಿನದು ಅಲಕ್ಷ್ಯ. 2017ರ ಒಂದು ಅಧ್ಯಯನದ ಪ್ರಕಾರ ಅಮೆರಿಕದ ಮಕ್ಕಳಲ್ಲಿ ಶೇ. 37ರಷ್ಟು ಮಂದಿ ಹದಿನೆಂಟು ತುಂಬುವುದರೊಳಗೆ ಒಮ್ಮೆಯಾದರೂ ಇಂಥ ತನಿಖೆಯ ಬಾಗಿಲು ತಟ್ಟುವಿಕೆ ಕೇಳುತ್ತಾರೆ. ಕಪ್ಪು ಜನರ ಮಕ್ಕಳಲ್ಲಿ ಅದು ಶೇ. 53. ಡೇವಿಡ್ ಗಿಲ್ 1973ರಲ್ಲಿ ಹೇಳಹೊರಟಿದ್ದ ಬಡತನ ಈ ಅಂಕಿಯೊಳಗೆ ಕೂತಿದೆ.

ನಮ್ಮಲ್ಲಿಗೆ ಈ ಕಾನೂನು ಬಂದದ್ದು ತಡವಾಗಿ, ಬಂದಾಗ ಪೂರ್ತಿ ಬಂತು. 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದೇ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೋ ಕಾಯ್ದೆ ಜಾರಿಯಾಯಿತು. ಅದರ 19ನೆಯ ಕಲಮು ವೈದ್ಯ, ಶಿಕ್ಷಕ ಎಂದು ಪಟ್ಟಿ ಮಾಡುವ ಗೋಜಿಗೇ ಹೋಗುವುದಿಲ್ಲ: ಲೈಂಗಿಕ ಅಪರಾಧ ನಡೆದದ್ದು ಗೊತ್ತಾದ, ನಡೆಯಬಹುದೆಂಬ ಆತಂಕ ಇರುವ ಯಾವ ವ್ಯಕ್ತಿಯಾದರೂ ತಿಳಿಸಬೇಕು. ಇಲ್ಲವಾದರೆ 21ನೆಯ ಕಲಮಿನಡಿ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥನಾದರೆ ಒಂದು ವರ್ಷದವರೆಗೆ. ಅಮೆರಿಕದಲ್ಲಿ ಫೋನು ಸಾಮಾನ್ಯವಾಗಿ ಮೊದಲು ಹೋಗುವುದು ಮಕ್ಕಳ ಇಲಾಖೆಗೆ. ನಮ್ಮಲ್ಲಿ ಕಾನೂನು ತೋರಿಸುವುದು ನೇರ ಪೊಲೀಸ್ ಠಾಣೆಯ ಮೆಟ್ಟಿಲು. ಮಕ್ಕಳ ಕಲ್ಯಾಣ ಸಮಿತಿಗೆ ಪೊಲೀಸರೇ 24 ಗಂಟೆಯೊಳಗೆ ತಿಳಿಸಬೇಕು. ಬೆಂಗಳೂರಿನ ಶಾಲೆಯೊಂದರ ಆಪ್ತಸಮಾಲೋಚಕಿಯ ಮುಂದೆ ಹದಿನೈದರ ಹುಡುಗಿಯೊಬ್ಬಳು ಮಾವನ ಬಗ್ಗೆ ಹೇಳಿದರೆ, ‘ಅಮ್ಮನಿಗೆ ಮಾತ್ರ ಹೇಳಬೇಡಿ ಮಿಸ್’ ಎಂದರೆ, ಆಕೆಗೆ ಅಮ್ಮನಿಗೆ ಹೇಳುವುದಕ್ಕಿಂತ ಮೊದಲು ಠಾಣೆಗೆ ಹೇಳಬೇಕಾದ ಸ್ಥಿತಿ. ಮಾನಸಿಕ ಆರೋಗ್ಯ ಕಾಯ್ದೆ 2017 ರೋಗಿಯ ಗುಟ್ಟು ಕಾಯಬೇಕೆಂದು ಹೇಳುತ್ತದೆ, ಪೋಕ್ಸೋ ಹೇಳುವ ಹೊಣೆಯ ಮುಂದೆ ಆ ಮಾತು ನಿಲ್ಲುವುದಿಲ್ಲ.

ಹದಿನೆಂಟರ ಗೆರೆ ಇನ್ನೊಂದು ತೊಡಕು ತಂದಿತು. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ, ಓಡಿಹೋದ ಪ್ರೀತಿ, ಇದೂ ಕಾನೂನಿನ ಕಣ್ಣಿನಲ್ಲಿ ದೌರ್ಜನ್ಯವೇ. ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ, ಈ ವಯಸ್ಸಿನ ಮಿತಿಯನ್ನು ಕಾನೂನು ಆಯೋಗ ಮತ್ತೆ ಯೋಚಿಸಬೇಕು ಎಂದಿತು. ಅದೇ ತಿಂಗಳ 2ರಂದು ಸುಪ್ರೀಂ ಕೋರ್ಟು, ಮಹಾರಾಷ್ಟ್ರದ ವಸತಿ ಶಾಲೆಯೊಂದರ ಮಕ್ಕಳಿಗೆ ಚಿಕಿತ್ಸೆ ಕೊಟ್ಟ ವೈದ್ಯರೊಬ್ಬರ ಮೇಲಿನ ಮೊಕದ್ದಮೆಯನ್ನು ಹೈಕೋರ್ಟು ರದ್ದು ಮಾಡಿದ್ದನ್ನು ತಳ್ಳಿಹಾಕಿ, ತಿಳಿದೂ ವರದಿ ಮಾಡದಿರುವುದು ಗಂಭೀರ ಅಪರಾಧ ಎಂದು ಹೇಳಿತ್ತು.

ಆದರೆ ಅದಕ್ಕೂ ಒಂದು ತಿಂಗಳ ಹಿಂದೆ, ಸೆಪ್ಟೆಂಬರ್ 29ರಂದು, ಅದೇ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಗರ್ಭಪಾತದ ಪ್ರಕರಣವೊಂದರಲ್ಲಿ ಬೇರೊಂದು ಮಾತು ಬರೆದಿತ್ತು. ಗರ್ಭಿಣಿಯಾದ ಅಪ್ರಾಪ್ತ ಹುಡುಗಿ ವರದಿಗೆ ಹೆದರಿ ಆಸ್ಪತ್ರೆಗೆ ಬಾರದೆ ಕಳ್ಳ ಡಾಕ್ಟರುಗಳ ಕೈಗೆ ಬೀಳುತ್ತಾಳೆ. ಆದ್ದರಿಂದ ವೈದ್ಯರು ವರದಿ ಮಾಡಲಿ, ಆದರೆ ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ ಅದರಲ್ಲಿ ಅವಳ ಹೆಸರು, ಗುರುತು ಬರೆಯಬೇಕಾಗಿಲ್ಲ. ಆರು ದಶಕದ ಹಿಂದೆ ಅಮೆರಿಕದ ವೈದ್ಯರು ಗೊಣಗಿದ್ದ ಭಯಕ್ಕೆ ದಿಲ್ಲಿಯಲ್ಲಿ ಒಂದು ಕಿಟಕಿ ತೆರೆದಂತಾಯಿತು. ಈ ರಿಯಾಯಿತಿ ಸಿಕ್ಕಿದ್ದು ಗರ್ಭಪಾತ ಮಾಡುವ ವೈದ್ಯರಿಗೆ. ಅದೇ ಆಸ್ಪತ್ರೆಯ ಪಕ್ಕದ ಕೋಣೆಯಲ್ಲಿ ಅದೇ ಹುಡುಗಿಯ ಮಾತು ಕೇಳಿಸಿಕೊಳ್ಳುವ ಆಪ್ತಸಮಾಲೋಚಕಿಯ ಹೆಸರು ಆ ತೀರ್ಪಿನಲ್ಲಿಲ್ಲ.